ಸೋರುವುದಕ್ಕೆ ಮಡಕೆ ಬೇಡವೇ?

ಇತ್ತೀಚಿನ ವರ್ಷಗಳಲ್ಲಿ ವಾಟ್ಸ್‌ಆ್ಯಪ್ ಹಾಗೂ ಟೆಲಿಗ್ರಾಂ ಗುಂಪುಗಳಲ್ಲಿ ಒಂದು ಸುದ್ದಿ ಆಗಾಗ ತಲೆ ಎತ್ತುತ್ತಿರುತ್ತದೆ. ಬಿಟ್‌ಕಾಯಿನ್ ಮುಂತಾದ ಕ್ರಿಪ್ಟೋ ಹಣದ 'ಪ್ರೈವೇಟ್ ಕೀ'ಗಳು ಸೋರಿಹೋಗಿವೆಯಂತೆ. ಜಗತ್ತಿನ ಅಷ್ಟೂ ಕೀಲಿಗಳ ಪಟ್ಟಿ ಅಂತರ್ಜಾಲದಲ್ಲಿಯೇ ಇದೆಯಂತೆ. ಸರಿಯಾದ ಪುಟವನ್ನು ತೆರೆದವನಿಗೆ ಕೋಟಿಗಟ್ಟಲೆ ಹಣ ಸಿಕ್ಕುತ್ತದಂತೆ. ಈ 'ಅಂತೆ'ಗಳ ಸಂತೆಯಲ್ಲಿ ನಮ್ಮ ಸಣ್ಣಪುಟ್ಟ ಊರುಗಳ ಹುಡುಗರೂ ಹಣ ಕಳೆದುಕೊಳ್ಳುತ್ತಿರುವುದನ್ನು ಕಂಡು ಈ ಲೇಖನವನ್ನು ಬರೆಯಬೇಕೆನಿಸಿತು. ಮೂರು ದಶಕಗಳಿಗೂ ಮಿಗಿಲಾಗಿ ಪ್ರೌಢಶಾಲೆಯಲ್ಲಿ ಗಣಿತ ಬೋಧಿಸಿದವನು ನಾನು. ನನ್ನ ಬಳಿ ಕ್ರಿಪ್ಟೋ ಹಣ ಒಂದು ಕಾಸೂ ಇಲ್ಲ. ಕೊಳ್ಳಿರೆಂದಾಗಲೀ ಬೇಡವೆಂದಾಗಲೀ ಉಪದೇಶಿಸುವ ಉದ್ದೇಶವೂ ಇಲ್ಲ. ಆದರೆ ಈ ವದಂತಿಯ ಬುಡದಲ್ಲಿರುವುದು ಹಣಕಾಸಿನ ವಿಷಯವಲ್ಲ, ಶುದ್ಧ ಗಣಿತ. ಆದ್ದರಿಂದ ಮಾತನಾಡುವ ಹಕ್ಕು ನನಗೂ ಇದೆಯೆಂದು ಭಾವಿಸುತ್ತೇನೆ.

ಮೊದಲಿಗೆ ಪ್ರೈವೇಟ್ ಕೀ ಎಂದರೇನೆಂದು ನೋಡೋಣ. ಕನ್ನಡದಲ್ಲಿ ಖಾಸಗಿ ಕೀಲಿ ಎನ್ನಬಹುದು. ಹೆಸರು ಗಂಭೀರವಾಗಿದ್ದರೂ ಅದು ಒಂದು ಸಂಖ್ಯೆ ಮಾತ್ರ. ಬೇಕಿದ್ದರೆ ನೀವೇ ಮನೆಯ ಜಗಲಿಯ ಮೇಲೆ ಕುಳಿತು ಒಂದನ್ನು ತಯಾರಿಸಬಹುದು. ಒಂದು ರೂಪಾಯಿಯ ನಾಣ್ಯವನ್ನು 256 ಸಲ ಚಿಮ್ಮಿರಿ. ಶಿರ ಬಿದ್ದರೆ 1, ಪುಚ್ಛ ಬಿದ್ದರೆ 0 ಎಂದು ಬರೆಯುತ್ತ ಹೋಗಿರಿ. ಕೊನೆಗೆ ದೊರೆಯುವ 256 ಅಂಕಿಗಳ ಸಾಲೇ ಒಂದು ಖಾಸಗಿ ಕೀಲಿ. ಅದನ್ನು ಯಾವ ಕಚೇರಿಯಲ್ಲಿಯೂ ನೋಂದಾಯಿಸಬೇಕಾಗಿಲ್ಲ, ಯಾರ ಸಹಿಯೂ ಬೇಡ. ಈ ಸಂಖ್ಯೆಯಿಂದ 'ಎಲಿಪ್ಟಿಕ್ ಕರ್ವ್' ಎಂಬ ವಕ್ರರೇಖೆಯ ಗಣಿತದ ಮೂಲಕ ಬಹಿರಂಗ ಕೀಲಿಯೂ, ಅದರಿಂದ ಹಣ ಸ್ವೀಕರಿಸುವ ವಿಳಾಸವೂ ಹುಟ್ಟುತ್ತವೆ. ಮುಂದಕ್ಕೆ ಲೆಕ್ಕ ಹಾಕುವುದು ಕಂಪ್ಯೂಟರಿಗೆ ಕ್ಷಣದ ಕೆಲಸ. ವಿಳಾಸದಿಂದ ಹಿಂದಕ್ಕೆ ಹೊರಟು ಮೂಲ ಸಂಖ್ಯೆಯನ್ನು ತಲುಪುವ ದಾರಿ ಮಾತ್ರ ಇದುವರೆಗೆ ಯಾರಿಗೂ ಸಿಕ್ಕಿಲ್ಲ. ಹಾಲನ್ನು ಮೊಸರು ಮಾಡಬಹುದು, ಮೊಸರನ್ನು ಹಾಲು ಮಾಡಲಾಗದು, ಹಾಗೆಯೇ ಇದು.

ಇನ್ನೊಂದು ಮಾತು. 'ವಾಲೆಟ್' ಎಂದೊಡನೆ ನಾವು ನೋಟುಗಳನ್ನು ತುಂಬಿದ ಪರ್ಸನ್ನು ಕಲ್ಪಿಸಿಕೊಳ್ಳುತ್ತೇವೆ. ಈ ವಾಲೆಟ್ಟಿನೊಳಗೆ ಹಣವಿರುವುದಿಲ್ಲ, ಕೀಲಿ ಮಾತ್ರ ಇರುತ್ತದೆ. ಯಾವ ವಿಳಾಸದಲ್ಲಿ ಎಷ್ಟು ಹಣವಿದೆ ಎಂಬ ಲೆಕ್ಕ ಬ್ಲಾಕ್‌ಚೈನ್ ಎಂಬ ಬಹಿರಂಗ ಖಾತೆ ಪುಸ್ತಕದಲ್ಲಿದೆ. 2009ರ ಜನವರಿ 3ರಂದು ಆರಂಭವಾದ ಬಿಟ್‌ಕಾಯಿನ್ನಿನ ಆ ಪುಸ್ತಕದ ಪ್ರತಿಗಳು ಜಗತ್ತಿನ ಸಾವಿರಾರು ಕಂಪ್ಯೂಟರುಗಳಲ್ಲಿವೆ. ಯಾರು ಬೇಕಾದರೂ ತೆರೆದು ಓದಬಹುದು. ಆದಕಾರಣ ಯಾವನೋ ಒಬ್ಬ ಮೊಬೈಲಿನಲ್ಲಿ ಒಂದು ವಿಳಾಸವನ್ನೂ ಅದರ ಮುಂದೆ ದೊಡ್ಡ ಮೊತ್ತವನ್ನೂ ತೋರಿಸಿದರೆ, ಆ ಮೊತ್ತ ನಿಜವಾಗಿಯೇ ಇರಬಹುದು. ಬ್ಯಾಂಕಿನ ಕಟ್ಟಡವನ್ನು ಬೀದಿಯಿಂದ ತೋರಿಸಿದವನ ಜೇಬಿನಲ್ಲಿ ತಿಜೋರಿಯ ಬೀಗದ ಕೈ ಇದೆಯೆಂದು ನಂಬುತ್ತೇವೆಯೇ?

ಈಗ 'ಎಲ್ಲ ಕೀಲಿಗಳ ಪಟ್ಟಿ'ಯ ವಿಚಾರಕ್ಕೆ ಬರೋಣ. ಇಂತಹ ಜಾಲತಾಣಗಳು ಇರುವುದು ನಿಜ. ಪುಟದ ಸಂಖ್ಯೆ ಕೊಟ್ಟರೆ ಸಾಲುಸಾಲಾಗಿ ಕೀಲಿಗಳು ಮತ್ತು ಅವುಗಳ ವಿಳಾಸಗಳು ಮೂಡುತ್ತವೆ. ನಿಮ್ಮ ಕೀಲಿ, ನನ್ನ ಕೀಲಿ, ಮುಂದೆ ಹುಟ್ಟಲಿರುವವರ ಕೀಲಿ ಎಲ್ಲವೂ ಅಲ್ಲಿ ಎಲ್ಲೋ ಒಂದು ಪುಟದಲ್ಲಿವೆ ಎಂಬುದೂ ಸುಳ್ಳಲ್ಲ. ಹಾಗಾದರೆ ಸೋರಿದ ಹಾಗೆಯೇ ಅಲ್ಲವೇ ಎಂದು ನೀವು ಕೇಳಬಹುದು.

ಒಂದು ಉದಾಹರಣೆ ಕೊಡುತ್ತೇನೆ. ಇನ್ನೂರು ಪುಟಗಳ ಒಂದು ನೋಟುಪುಸ್ತಕ ತೆಗೆದುಕೊಳ್ಳಿ. ಪುಟಕ್ಕೆ ಐವತ್ತರಂತೆ 0000ದಿಂದ 9999ರವರೆಗೆ ಬರೆಯಿರಿ. ಸರಿಯಾಗಿ ಹತ್ತು ಸಾವಿರ ಸಂಖ್ಯೆಗಳಾದವು, ಪುಸ್ತಕ ತುಂಬಿತು. ನಾಲ್ಕು ಅಂಕಿಗಳ ಎಟಿಎಂ ಪಿನ್ ಇಟ್ಟುಕೊಂಡಿರುವ ಪ್ರತಿಯೊಬ್ಬರ ಪಿನ್ನೂ ಈಗ ನಿಮ್ಮ ಪುಸ್ತಕದಲ್ಲಿದೆ. ನೀವು ಅವರೆಲ್ಲರ ಗುಟ್ಟನ್ನು ಬಯಲು ಮಾಡಿದಂತಾಯಿತೇ? ಖಂಡಿತ ಇಲ್ಲ. ಸಂಖ್ಯೆ ಗುಟ್ಟಲ್ಲ, ಯಾರು ಯಾವ ಸಂಖ್ಯೆಯನ್ನು ಆರಿಸಿಕೊಂಡರು ಎಂಬುದು ಗುಟ್ಟು. ಪಟ್ಟಿಯಲ್ಲಿ ಎಲ್ಲವೂ ಇರುವುದರಿಂದಲೇ ಅದು ಏನನ್ನೂ ಹೇಳುವುದಿಲ್ಲ.

ಎಟಿಎಂನಲ್ಲಿ ಹತ್ತು ಸಾವಿರ ಸಲ ಪ್ರಯತ್ನಿಸಲು ಯಂತ್ರ ಬಿಡುವುದಿಲ್ಲ. ಇಲ್ಲಿಯಾದರೆ ತಡೆಯುವವರಿಲ್ಲ, ಒಂದೊಂದಾಗಿ ನೋಡುತ್ತ ಹೋಗಬಹುದಲ್ಲ ಎಂಬುದು ಮುಂದಿನ ಪ್ರಶ್ನೆ. ನಮ್ಮ ಸಾಮಾನ್ಯ ಬುದ್ಧಿ ಸೋಲುವುದು ಇಲ್ಲಿಯೇ. ಎರಡನ್ನು 256 ಸಲ ಬರೆದು ಗುಣಿಸಿದರೆ 78 ಅಂಕಿಗಳ ಸಂಖ್ಯೆ ಬರುತ್ತದೆ. ರಾಷ್ಟ್ರಕೂಟ ನೃಪತುಂಗನ ಕಾಲದ ಮಹಾವೀರಾಚಾರ್ಯರು ತಮ್ಮ 'ಗಣಿತಸಾರಸಂಗ್ರಹ'ದಲ್ಲಿ ಸಂಖ್ಯಾಸ್ಥಾನಗಳಿಗೆ ಹೆಸರು ಕೊಡುತ್ತ 24ನೆಯ ಸ್ಥಾನದ 'ಮಹಾಕ್ಷೋಭ'ದವರೆಗೆ ಹೋದರು. ನಮ್ಮ ಸಂಖ್ಯೆಗೆ ಅದರಾಚೆ ಇನ್ನೂ 54 ಸ್ಥಾನಗಳು ಬೇಕು. ಭೂಮಿಯಲ್ಲಿರುವ ಪರಮಾಣುಗಳ ಸಂಖ್ಯೆಯನ್ನು ಸುಮಾರು 51 ಅಂಕಿಗಳಲ್ಲಿ ಬರೆಯಬಹುದು. ಒಂದು ಪರಮಾಣುವಿನ ಮೇಲೆ ಒಂದು ಕೀಲಿಯನ್ನು ಬರೆಯಲು ಸಾಧ್ಯವಾದರೂ ಈ ಭೂಮಿ ಸಾಲದು! ಅಂದಮೇಲೆ 'ಪಟ್ಟಿ' ಎಂಬುದು ಎಲ್ಲಿಯೂ ಶೇಖರಗೊಂಡಿಲ್ಲ. ನೀವು ಪುಟ ಕೇಳಿದಾಗ ಯಂತ್ರ ಆ ಕ್ಷಣದಲ್ಲಿ ಎಣಿಸಿ ಬರೆದು ತೋರಿಸುತ್ತದೆ, ಅಷ್ಟೇ. ಹದಿನೇಳರ ಮಗ್ಗಿ ಕೇಳಿದರೆ ಹುಡುಗ ಲೆಕ್ಕ ಹಾಕಿ ಹೇಳುವ ಹಾಗೆ.

ಚದುರಂಗದ ಹಲಗೆಯ ಮೊದಲ ಮನೆಗೆ ಒಂದು ಕಾಳು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ನಾಲ್ಕು ಎಂದು ಕೇಳಿ ರಾಜನ ಕಣಜವನ್ನೇ ಬರಿದು ಮಾಡಿದ ಜಾಣನ ಕಥೆಯನ್ನು ನನ್ನ ವಿದ್ಯಾರ್ಥಿಗಳು ತಪ್ಪದೆ ಕೇಳಿದ್ದಾರೆ. ಅದು 64 ಮನೆಗಳ ಮಾತು. 256 ಎಂದರೆ ಅಂತಹ ನಾಲ್ಕು ಹಲಗೆಗಳನ್ನು ಒಂದರ ಮುಂದೊಂದಿಟ್ಟು ಇಮ್ಮಡಿಸುತ್ತಲೇ ಹೋಗುವುದು. ಇದರ ಪ್ರತ್ಯಕ್ಷ ಪರೀಕ್ಷೆಯೂ ನಡೆದಿದೆ. 2015ರಲ್ಲಿ ಅನಾಮಧೇಯರೊಬ್ಬರು ಬೇಕೆಂದೇ ಚಿಕ್ಕ ಸಂಖ್ಯೆಗಳಿಂದ ಆರಂಭಿಸಿ, ಒಂದಕ್ಕಿಂತ ಒಂದು ದೊಡ್ಡದಾಗುತ್ತ ಹೋಗುವ ಕೀಲಿಗಳ ವಿಳಾಸಗಳಲ್ಲಿ ಬಿಟ್‌ಕಾಯಿನ್ ಇಟ್ಟು ಹುಡುಕಿಕೊಳ್ಳಿರೆಂದು ಸವಾಲೆಸೆದರು. ಅದರಲ್ಲಿ 66 ಬಿಟ್‌ಗಳ ಕೀಲಿ ಸಿಕ್ಕಿದ್ದು 2024ರ ಸೆಪ್ಟೆಂಬರಿನಲ್ಲಿ. ಅಂದರೆ, ಹಣದ ಆಸೆಯಿಂದ ಹಲವರು ಕಂಪ್ಯೂಟರುಗಳನ್ನು ದುಡಿಸಿಯೂ ಒಂದು ಹಲಗೆ ಮತ್ತು ಮೇಲೆರಡು ಮನೆಗಳನ್ನು ದಾಟಲು ಒಂಬತ್ತು ವರ್ಷಗಳು ಹಿಡಿದವು. ಮುಂದಿನ ಪ್ರತಿಯೊಂದು ಮನೆಯೂ ಶ್ರಮವನ್ನು ಇಮ್ಮಡಿಸುತ್ತದೆ.

ಗಣಿತ ಬಲ್ಲ ಓದುಗರು ಒಂದು ಆಕ್ಷೇಪವೆತ್ತಬಹುದು. ಬಿಟ್‌ಕಾಯಿನ್ನಿನ ಸಾಮಾನ್ಯ ವಿಳಾಸ 160 ಬಿಟ್‌ಗಳದ್ದು. ಹಣವಿರುವ ವಿಳಾಸಗಳೂ ಬಹಳಷ್ಟಿವೆ. ಯಾವುದಾದರೊಂದು ಸಿಕ್ಕರೂ ಸಾಕಲ್ಲ? ನ್ಯಾಯವಾದ ಪ್ರಶ್ನೆ. ಕಳ್ಳನ ಕಡೆಗೇ ಒಲಿದು ಲೆಕ್ಕ ಹಾಕೋಣ. ಹಣವಿರುವ ವಿಳಾಸಗಳು ಹತ್ತು ಕೋಟಿ ಎಂದಿಟ್ಟುಕೊಳ್ಳಿ. ಕಳ್ಳನ ಬಳಿ ನೂರು ಕೋಟಿ ಕಂಪ್ಯೂಟರುಗಳಿವೆ, ಒಂದೊಂದೂ ಸೆಕೆಂಡಿಗೆ ನೂರು ಕೋಟಿ ಕೀಲಿಗಳನ್ನು ಪರೀಕ್ಷಿಸುತ್ತದೆ ಎನ್ನೋಣ. ಆಗಲೂ ಒಂದೇ ಒಂದು ವಿಳಾಸ ಸಿಕ್ಕಲು ಸರಾಸರಿ ಬೇಕಾಗುವ ಕಾಲ ಈ ವಿಶ್ವದ ವಯಸ್ಸಾದ 1380 ಕೋಟಿ ವರ್ಷಗಳ ಮೂವತ್ತು ಸಾವಿರ ಪಟ್ಟಿಗೂ ಹೆಚ್ಚು. ಸಾಕಷ್ಟು ದೊಡ್ಡ ಕ್ವಾಂಟಮ್ ಕಂಪ್ಯೂಟರ್ ಬಂದರೆ ಬಹಿರಂಗ ಕೀಲಿಯಿಂದ ಖಾಸಗಿ ಕೀಲಿಯನ್ನು ಕಂಡುಹಿಡಿಯಬಹುದೆಂದು ಗಣಿತಜ್ಞರೇ ಹೇಳುತ್ತಾರೆ. ಆದರೆ ಅಂತಹ ಯಂತ್ರ ಇನ್ನೂ ಸಿದ್ಧವಾಗಿಲ್ಲ. ಸಿದ್ಧವಾದ ದಿನ ಅದು ಟೆಲಿಗ್ರಾಂ ಗುಂಪಿನಲ್ಲಿ ಬಾಡಿಗೆಗೆ ಸಿಗಲಾರದು.

ಲೆಕ್ಕ ಬೇಡವೆನ್ನುವವರಿಗೆ ಲೋಕದ ನಿದರ್ಶನ ಕೊಡುತ್ತೇನೆ. ಬ್ರಿಟನ್ನಿನ ವೇಲ್ಸ್ ಪ್ರಾಂತದ ನ್ಯೂಪೋರ್ಟ್ ನಗರದ ಜೇಮ್ಸ್ ಹೋವೆಲ್ಸ್ ಎಂಬವರ ಹಾರ್ಡ್ ಡಿಸ್ಕ್ 2013ರಲ್ಲಿ ಊರಿನ ಕಸದ ರಾಶಿ ಸೇರಿತು. ಅದರಲ್ಲಿದ್ದುದು ಸುಮಾರು 8,000 ಬಿಟ್‌ಕಾಯಿನ್‌ಗಳ ಕೀಲಿ. ಆ ರಾಶಿಯನ್ನು ಅಗೆಯಲು ಅನುಮತಿ ಕೋರಿ ಅವರು ವರ್ಷಾನುಗಟ್ಟಲೆ ನಗರಾಡಳಿತದೊಡನೆ ಹೋರಾಡಿದರು. 2025ರ ಜನವರಿಯಲ್ಲಿ ಹೈಕೋರ್ಟ್ ಅವರ ದಾವೆಯನ್ನು ವಜಾ ಮಾಡಿತು. ಸ್ಟೀಫನ್ ಥಾಮಸ್ ಎಂಬ ಪ್ರೋಗ್ರಾಮರ್ 7,002 ಬಿಟ್‌ಕಾಯಿನ್‌ಗಳ ಕೀಲಿಯನ್ನಿಟ್ಟ ಸಾಧನದ ಪಾಸ್‌ವರ್ಡ್ ಮರೆತರು. ಆ ಸಾಧನ ಕೊಡುವುದು ಹತ್ತೇ ಅವಕಾಶ. 2021ರ ಜನವರಿಯಲ್ಲಿ ಅವರ ಕಥೆ ಪತ್ರಿಕೆಯಲ್ಲಿ ಬಂದಾಗ ಎಂಟು ಮುಗಿದಿದ್ದವು. ಕೀಲಿಗಳೆಲ್ಲ ನಿಜವಾಗಿ ಸೋರಿದ್ದರೆ ಒಬ್ಬರು ಕಸ ಅಗೆಯುವ ಯೋಚನೆ ಮಾಡುತ್ತಿದ್ದರೇ? ಇನ್ನೊಬ್ಬರು ಉಳಿದೆರಡು ಅವಕಾಶಗಳನ್ನು ನೆನೆದು ಕೊರಗುತ್ತಿದ್ದರೇ? ಪಟ್ಟಿಯನ್ನು ತೆರೆದು ತಮ್ಮದನ್ನು ಎತ್ತಿಕೊಳ್ಳುತ್ತಿದ್ದರು. ತನ್ನ ಸ್ವಂತ ಕೀಲಿಯನ್ನು ಕಳೆದುಕೊಂಡವನಿಗೇ ಸಿಕ್ಕದ್ದು, ಮೂರನೆಯವನಿಗೆ ಸಾವಿರಗಳ ಲೆಕ್ಕದಲ್ಲಿ ಮಾರಾಟಕ್ಕೆ ಸಿಕ್ಕುವುದೆಂದರೆ ನಂಬುವುದು ಹೇಗೆ?

ಹಾಗೆಂದು ಕೀಲಿಗಳು ಎಂದೂ ಕಳುವಾಗುವುದಿಲ್ಲವೆಂದು ನಾನು ಹೇಳಿದರೆ ಅದೂ ತಪ್ಪಾಗುತ್ತದೆ. ಸೋರುವುದಕ್ಕೆ ಮಡಕೆ ಬೇಕು. ಕೀಲಿಗಳಿಗೆ ಕೇಂದ್ರ ಕಣಜವಿಲ್ಲ, ಆದ್ದರಿಂದ ಎಲ್ಲವೂ ಒಟ್ಟಿಗೆ ಸೋರಲಾರವು. ಆದರೆ ಮನುಷ್ಯರು ತಾವೇ ಮಡಕೆಗಳನ್ನು ಮಾಡಿಕೊಳ್ಳುತ್ತಾರೆ, ಅವು ಒಡೆಯುತ್ತವೆ. ಕೆಲವರು ನಾಣ್ಯ ಚಿಮ್ಮುವ ಬದಲು ತಮಗೆ ಪ್ರಿಯವಾದ ಒಂದು ವಾಕ್ಯವನ್ನೋ ಗಾದೆಯನ್ನೋ ಕೀಲಿಯಾಗಿ ಪರಿವರ್ತಿಸಿದರು. ಅದನ್ನು 'ಬ್ರೇನ್ ವಾಲೆಟ್' ಎಂದರು. 2011ರಿಂದ 2015ರವರೆಗಿನ ಇಂತಹ 884 ವಾಲೆಟ್‌ಗಳನ್ನು ಸಂಶೋಧಕರು ಗುರುತಿಸಿದಾಗ ಕೆಲವೇ ಕೆಲವನ್ನುಳಿದು ಮಿಕ್ಕೆಲ್ಲವೂ ಬರಿದಾಗಿದ್ದವು, ಎಷ್ಟೋ ಸಲ ಹಣವಿಟ್ಟ ಕೆಲವೇ ನಿಮಿಷಗಳಲ್ಲಿ. 2013ರಲ್ಲಿ ಆಂಡ್ರಾಯ್ಡ್ ಫೋನುಗಳ ಯಾದೃಚ್ಛಿಕ ಸಂಖ್ಯೆಗಳಲ್ಲಿ ದೋಷ ಕಂಡುಬಂದು ಹಲವರು ಹಣ ಕಳೆದುಕೊಂಡರು. 2023ರಲ್ಲಿ 'ಲಿಬ್‌ಬಿಟ್‌ಕಾಯಿನ್ ಎಕ್ಸ್‌ಪ್ಲೋರರ್' ಎಂಬ ತಂತ್ರಾಂಶದ ದೋಷ ಬಯಲಾಯಿತು. ಅದು ಕೀಲಿಯ ಬೀಜವನ್ನು ಆರಿಸುತ್ತಿದ್ದುದು ಕೇವಲ 32 ಬಿಟ್‌ಗಳಷ್ಟು, ಅಂದರೆ ಸುಮಾರು 429 ಕೋಟಿ ಸಾಧ್ಯತೆಗಳಿಂದ. ನಮಗೆ ದೊಡ್ಡದೆನಿಸುವ ಈ ಸಂಖ್ಯೆ ಕಂಪ್ಯೂಟರಿಗೆ ಬೆರಳೆಣಿಕೆ. ಈ ಮೂರರಲ್ಲಿಯೂ ಸೋತದ್ದು ಗಣಿತವಲ್ಲ, ಆಯ್ಕೆ. ನಾಣ್ಯವನ್ನು ಪ್ರಾಮಾಣಿಕವಾಗಿ ಚಿಮ್ಮಿರಲಿಲ್ಲ.

ಇನ್ನೊಂದು ಬಗೆಯ ಮಡಕೆ ವಿನಿಮಯ ಕೇಂದ್ರಗಳು. ಅಲ್ಲಿ ಹಣವಿಟ್ಟವರ ಕೈಯಲ್ಲಿ ಕೀಲಿಯೇ ಇರುವುದಿಲ್ಲ. ಅದು ಕಂಪನಿಯ ಬಳಿ ಇರುತ್ತದೆ. 2014ರ ಫೆಬ್ರವರಿಯಲ್ಲಿ ಟೋಕಿಯೋದ ಮೌಂಟ್ ಗಾಕ್ಸ್ ಬಾಗಿಲು ಹಾಕಿದಾಗ ಸುಮಾರು ಎಂಟೂವರೆ ಲಕ್ಷ ಬಿಟ್‌ಕಾಯಿನ್‌ಗಳು ಕಾಣೆಯಾಗಿದ್ದವು. ಅವುಗಳಲ್ಲಿ ಎರಡು ಲಕ್ಷ ಮಾತ್ರ ಬಳಿಕ ಸಿಕ್ಕವು. ನಮ್ಮ ದೇಶದ ವಜೀರ್‌ಎಕ್ಸ್ 2024ರ ಜುಲೈ 18ರಂದು ಸುಮಾರು 23 ಕೋಟಿ ಡಾಲರ್ ಕಳೆದುಕೊಂಡಿತು. ರಿಸರ್ವ್ ಬ್ಯಾಂಕ್ 2013ರ ಡಿಸೆಂಬರಿನಲ್ಲಿಯೇ ಹೊರಡಿಸಿದ ಎಚ್ಚರಿಕೆಯಲ್ಲಿ ಹ್ಯಾಕಿಂಗ್, ಪಾಸ್‌ವರ್ಡ್ ಕಳೆದುಹೋಗುವುದು, ಕೇಡಿನ ತಂತ್ರಾಂಶಗಳ ದಾಳಿ ಇವನ್ನು ಹೆಸರಿಸಿತ್ತು. ಎಚ್ಚರಿಕೆ ಇದ್ದದ್ದು ಈ ಮಾನವ ನಿರ್ಮಿತ ಮಡಕೆಗಳ ಬಗೆಗೆ. ನಿಜವಾಗಿ ಕೀಲಿ ಕದ್ದವನು ಅದನ್ನು ಪಟ್ಟಿ ಮಾಡಿ ಮಾರುವುದಿಲ್ಲ. ಕ್ಷಣವೂ ತಡಮಾಡದೆ ಹಣವನ್ನೇ ಸಾಗಿಸುತ್ತಾನೆ. ಮಾರಾಟಕ್ಕೆ ಬಂದಿದೆ ಎಂಬುದೇ ಅದು ಪೊಳ್ಳು ಎಂಬುದಕ್ಕೆ ಸಾಕ್ಷಿ.

ಕೆಲವು ತಿಂಗಳುಗಳ ಹಿಂದೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ತಾಲ್ಲೂಕು ಕೇಂದ್ರದಲ್ಲಿ ಸಣ್ಣ ಮೊಬೈಲ್ ಅಂಗಡಿ ನಡೆಸುತ್ತಾನೆ, ಒಳ್ಳೆಯ ಹುಡುಗ. ಟೆಲಿಗ್ರಾಂನಲ್ಲಿ ಯಾರೋ 'ಸೋರಿದ ವಾಲೆಟ್' ಎಂದು ಒಂದು ಕಡತವನ್ನು ಅವನಿಗೆ ಹದಿನೆಂಟು ಸಾವಿರಕ್ಕೆ ಮಾರಿದ್ದರು. ಹೆಂಡತಿ ಚೀಟಿ ಎತ್ತಿ ತಂದಿದ್ದ ಹಣ ಅದು. ಕಡತದ ಪಾಸ್‌ವರ್ಡ್ ಒಡೆಯುವ ತಂತ್ರಾಂಶಕ್ಕೆ ಈಗ ಇನ್ನೂ ಇಪ್ಪತ್ತೈದು ಸಾವಿರ ಕೇಳುತ್ತಿದ್ದರು. "ಸಾರ್, ಕಡತದಲ್ಲಿ ವಿಳಾಸ ಇದೆ, ವಿಳಾಸದಲ್ಲಿ ದುಡ್ಡೂ ಇದೆ, ನಾನೇ ಪರೀಕ್ಷೆ ಮಾಡಿ ನೋಡಿದ್ದೇನೆ" ಎಂದ. "ವಿಳಾಸವನ್ನು ಯಾರು ಬೇಕಾದರೂ ಬರೆಯಬಹುದಪ್ಪಾ. ಅದರೊಳಗೆ ಕೀಲಿ ಇದೆಯೆಂದು ಹೇಗೆ ಪರೀಕ್ಷೆ ಮಾಡಿದೆ?" ಎಂದು ಕೇಳಿದೆ. ಅವನು ಉತ್ತರಿಸಲಿಲ್ಲ. ಶ್ರೀಮಂತ ವಿಳಾಸಗಳನ್ನು ಖಾತೆ ಪುಸ್ತಕದಿಂದ ಎತ್ತಿ, ವಾಲೆಟ್ ಕಡತದೊಳಗೆ ತುರುಕಿ, ಪಾಸ್‌ವರ್ಡ್ ಮರೆತಿದೆಯೆಂದು ನಂಬಿಸಿ ಮಾರುವುದು ಹಳೆಯ ಕೈಚಳಕ. ಆ ಬೀಗ ತೆರೆದರೂ ಒಳಗೆ ಕೆಲಸಕ್ಕೆ ಬರುವ ಕೀಲಿ ಇರುವುದಿಲ್ಲ. ಎರಡನೆಯ ಕಂತನ್ನು ಅವನು ಕಟ್ಟಲಿಲ್ಲವೆಂಬುದೇ ಸಮಾಧಾನ. ಪೊಲೀಸರಿಗೆ ದೂರು ಕೊಡು ಎಂದೆ. "ಏನಂತ ಹೇಳಲಿ ಸಾರ್? ಬೇರೆಯವರ ದುಡ್ಡು ತೆಗೆಯೋಕೆ ಹೋಗಿದ್ದೆ ಅನ್ನಲಾ?" ಎಂದು ತಲೆ ತಗ್ಗಿಸಿದ.

ಈ ದಂಧೆಯ ಜೀವಾಳವೇ ಆ ತಲೆ ತಗ್ಗಿಸುವಿಕೆ. ಕಳ್ಳನಿಗೆ ಚೇಳು ಕಡಿದರೆ ಕೂಗುವಂತಿಲ್ಲ ಎಂದು ನಮ್ಮ ಹಿರಿಯರು ಹೇಳಿದ್ದು ಸುಮ್ಮನೆಯೇ? ಇದೇ ಜಾಡಿನ ಇನ್ನೊಂದು ಮೋಸವನ್ನು ಕ್ಯಾಸ್ಪರ್‌ಸ್ಕೀ ಸಂಸ್ಥೆ 2024ರ ಡಿಸೆಂಬರಿನಲ್ಲಿ ವಿವರಿಸಿತು. ಯಾವನೋ ಅಮಾಯಕನಂತೆ ನಟಿಸುತ್ತ ಯೂಟ್ಯೂಬ್ ವೀಡಿಯೊಗಳ ಕೆಳಗೆ, 'ನನ್ನ ವಾಲೆಟ್ಟಿನಲ್ಲಿ ಯುಎಸ್‌ಡಿಟಿ ಇದೆ, ಗುಪ್ತಪದಗಳು ಇವು, ಬೇರೆ ಕಡೆಗೆ ವರ್ಗಾಯಿಸುವುದು ಹೇಗೆ?' ಎಂದು ಕೇಳುತ್ತಾನೆ. ಓದಿದವನು ಆ ಪದಗಳನ್ನು ಹಾಕಿದರೆ ವಾಲೆಟ್ ನಿಜವಾಗಿಯೇ ತೆರೆಯುತ್ತದೆ, ಹಣವೂ ಕಾಣಿಸುತ್ತದೆ. ಆದರೆ ವರ್ಗಾವಣೆಯ ಶುಲ್ಕಕ್ಕೆ ಬೇಕಾದ ಟ್ರಾನ್ ನಾಣ್ಯ ಮಾತ್ರ ಅದರಲ್ಲಿ ಇರುವುದಿಲ್ಲ. ಆಸೆಬುರುಕ ತನ್ನ ಕೈಯಿಂದ ಶುಲ್ಕ ಹಾಕಿದೊಡನೆ ಅದು ಮೋಸಗಾರನ ಪಾಲಾಗುತ್ತದೆ. ಒಬ್ಬರಿಗಿಂತ ಹೆಚ್ಚು ಜನರ ಸಹಿ ಬೇಕಾಗುವಂತೆ ಆ ವಾಲೆಟ್ಟನ್ನು ಮೊದಲೇ ಕಟ್ಟಿರುವುದರಿಂದ ಒಳಗಿನ ಹಣ ಅಲುಗುವುದಿಲ್ಲ. ಇಲ್ಲಿ ಗುಪ್ತಪದಗಳು ಸೋರಿಲ್ಲ; ಗಾಳಕ್ಕೆ ಎರೆಹುಳುವಿನಂತೆ ಸಿಕ್ಕಿಸಲ್ಪಟ್ಟಿವೆ. ಮೀನು ಯಾರೆಂದು ಬಿಡಿಸಿ ಹೇಳಬೇಕಾಗಿಲ್ಲ.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟು. 'ಸೋರಿದ ಕೀಲಿ' ಎಂಬ ನಂಬಿಕೆ ಹರಡುವುದು ತಂತ್ರಜ್ಞಾನದ ಅಜ್ಞಾನದಿಂದ ಮಾತ್ರವಲ್ಲ. ದೊಡ್ಡ ಸಂಖ್ಯೆಯ ಅಂದಾಜು ಇಲ್ಲದ ಮನಸ್ಸು ಮತ್ತು ಪರರ ಹಣದ ಮೇಲಿನ ಕಣ್ಣು, ಇವೆರಡೂ ಕೂಡಿದಾಗ ಅದು ಬೇರೂರುತ್ತದೆ. ಮೊದಲನೆಯದಕ್ಕೆ ಮದ್ದು ಶಾಲೆಯಲ್ಲಿದೆ. ಘಾತಾಂಕ ಮತ್ತು ಸಂಭವನೀಯತೆಯ ಪಾಠಗಳನ್ನು ನಾವು ಅಂಕ ಗಳಿಕೆಗೆಂದು ಕಲಿಸಿ ಮುಗಿಸುತ್ತೇವೆ. ಎರಡರ ಘಾತ ಹತ್ತಕ್ಕೂ ಎರಡರ ಘಾತ ನೂರಕ್ಕೂ ಇರುವ ಅಂತರವನ್ನು ಮಗು ಅಂಕಿಗಳಲ್ಲಿ ಬರೆಯುತ್ತದೆ, ಮನಸ್ಸಿನಲ್ಲಿ ಕಾಣುವುದಿಲ್ಲ. ತರಗತಿಯಲ್ಲಿ ನಾಣ್ಯ ಚಿಮ್ಮಿಸಿ ಒಂದು ಕೀಲಿ ಬರೆಸಲಿ. ಪಕ್ಕದ ಬೆಂಚಿನವನಿಗೆ ಅದನ್ನು ಊಹಿಸಲು ಹೇಳಲಿ. ಎಂಟು ಬಿಟ್‌ಗಳದ್ದನ್ನು ಅರ್ಧ ಗಂಟೆಯೊಳಗೆ ಕಂಡುಹಿಡಿದಾನು. ಇಪ್ಪತ್ತು ಬಿಟ್‌ಗಳಾದರೆ ಹತ್ತು ಲಕ್ಷಕ್ಕೂ ಮಿಕ್ಕ ಊಹೆಗಳು. ವರ್ಷಾಂತ್ಯದ ಪರೀಕ್ಷೆ ಮುಗಿದರೂ ಸಿಕ್ಕಲಾರದು. ಒಮ್ಮೆ ಹೀಗೆ ಕೈಯಿಂದ ಕಲಿತ ಮಗು ದೊಡ್ಡವನಾದ ಮೇಲೆ ಕೀಲಿಪಟ್ಟಿಯ ವ್ಯಾಪಾರಿಗೆ ಮರುಳಾಗಲಾರ.

ಎರಡನೆಯದಕ್ಕೆ ಮದ್ದು ಮನೆಯಲ್ಲಿದೆ. ಬೀದಿಯಲ್ಲಿ ಬಿದ್ದ ಬೀಗದ ಕೈ ಸಿಕ್ಕರೆ ಮನೆಮನೆಯ ಬಾಗಿಲಿಗೆ ಹಾಕಿ ನೋಡಬೇಕೇ, ಒಡೆಯನನ್ನು ಹುಡುಕಬೇಕೇ ಎಂಬ ಪ್ರಶ್ನೆಗೆ ನಮ್ಮ ಮಕ್ಕಳಿಗೆ ಉತ್ತರ ಗೊತ್ತಿದೆ. ಮೊಬೈಲಿನ ಪರದೆಯ ಮೇಲೆಯೂ ಅದೇ ಉತ್ತರ ಎಂಬುದನ್ನು ಹೇಳಿಕೊಡಬೇಕಾಗಿದೆ. ಕ್ರಿಪ್ಟೋ ಹಣ ಇಟ್ಟುಕೊಂಡವರೂ ಒಂದು ಮಾತನ್ನು ಮರೆಯಬಾರದು. ಗುಪ್ತಪದಗಳನ್ನು ಕಾಗದದ ಮೇಲೆ ಬರೆದು ಭದ್ರವಾಗಿಡಿ. ಫೋಟೋ ತೆಗೆಯಬೇಡಿ, ಯಾರು ಕೇಳಿದರೂ ಹೇಳಬೇಡಿ. 'ನಿಮ್ಮ ಕೀಲಿ ಸೋರಿದೆಯೇ ಪರೀಕ್ಷಿಸಿ' ಎಂದು ಅದನ್ನು ಬರೆಯಿಸಿಕೊಳ್ಳುವ ಜಾಗದಲ್ಲಿ ಬರೆದ ಕ್ಷಣದಲ್ಲಿಯೇ ಅದು ಸೋರುತ್ತದೆ. ಯಾರಾದರೂ ಈಗಾಗಲೇ ಮೋಸ ಹೋಗಿದ್ದರೆ ನಾಚಿಕೆಯನ್ನು ಬದಿಗಿಟ್ಟು ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಬೇಗ ಕರೆ ಮಾಡಲಿ. ನನ್ನ ಶಿಷ್ಯ ಮೂರು ದಿನ ಯೋಚಿಸಿ ಕೊನೆಗೆ ಕರೆ ಮಾಡಿದ. ಹಣ ಹಿಂದಿರುಗಿ ಬಂದಿಲ್ಲ. ಆದರೆ ತನ್ನ ಅಂಗಡಿಗೆ ರೀಚಾರ್ಜ್ ಮಾಡಿಸಲು ಬರುವ ಕಾಲೇಜು ಹುಡುಗರಿಗೆ ಈಗ ಈ ವಿಚಾರವನ್ನು ಅವನೇ ತಿಳಿಹೇಳುತ್ತಿದ್ದಾನೆ. ನಾಲ್ಕು ಅಂಕಿಯ ನೋಟುಪುಸ್ತಕದ ಉದಾಹರಣೆಯನ್ನೇ ಕೊಡುತ್ತಾನಂತೆ. ಅದನ್ನು ಕೇಳಿ ನನಗೆ ತುಂಬ ಸಂತೋಷವಾಯಿತು.